ಪೆನ್‌ಟೆಸ್ಟ್‌ಗೆ ದುಡ್ಡು ಕೊಡುವ ಮೊದಲು: ಮೈಸೂರು, ಮಂಡ್ಯದ ಸಣ್ಣ ಆಫೀಸುಗಳಿಗೆ ಒಂದು ಮಾರ್ಗದರ್ಶಿ

ಮೈಸೂರಿನ ಲಾಡ್ಜ್‌ನವರು, ಮಂಡ್ಯದ ರೈಸ್ ಮಿಲ್‌ನವರು, ಸಹಕಾರ ಸಂಘದ ಕಾರ್ಯದರ್ಶಿಗಳು ಕೂಡ ಈಗ "ಪೆನ್‌ಟೆಸ್ಟ್ ಮಾಡಿಸಬೇಕಂತೆ, ಎಷ್ಟಾಗುತ್ತೆ?" ಎಂದು ಕೇಳುತ್ತಾರೆ. ಪೆನ್‌ಟೆಸ್ಟ್ ಎಂದರೆ ನಮ್ಮ ಕಂಪ್ಯೂಟರ್‌ಗಳಿಗೆ ನುಗ್ಗೋಕೆ ಆಗುತ್ತಾ ಎಂದು ನಾವೇ ಒಪ್ಪಿ ಮಾಡಿಸುವ ಪರೀಕ್ಷೆ. ಯಾರೋ ದೊಡ್ಡ ಗಿರಾಕಿ ಸರ್ಟಿಫಿಕೇಟ್ ಕೇಳಿರುತ್ತಾರೆ, ಇಲ್ಲವೇ ಪಕ್ಕದ ಆಫೀಸಿನ ಕಂಪ್ಯೂಟರ್‌ಗೆ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಹೊಡೆದಿರುತ್ತದೆ. ನನ್ನ ಉತ್ತರ: ಮಾಡಿಸಿ, ಆದರೆ ಇವತ್ತೇ ಬೇಡ. ಆಫೀಸಿನಲ್ಲಿ ಏನೇನಿದೆ ಎಂಬ ಪಟ್ಟಿಯೇ ಇಲ್ಲ, ಅಪ್‌ಡೇಟ್ ಹಾಕಿ ವರ್ಷಗಳಾಗಿವೆ ಅಂದರೆ, ಟೆಸ್ಟ್ ಮಾಡಲು ಬಂದವರು ಕಾಫಿ ಮುಗಿಸುವಷ್ಟರಲ್ಲಿ ಒಳಗೆ ಹೋಗಿರುತ್ತಾರೆ. ನೀವೇ ಒಂದು ಭಾನುವಾರ ಕೂತು ಕಂಡುಕೊಳ್ಳಬಹುದಾಗಿದ್ದ ವಿಷಯಕ್ಕೆ ಸುಮ್ನೆ ದುಡ್ಡು ಕೊಟ್ಟಂತಾಗುತ್ತದೆ.

ಸ್ಕ್ಯಾನ್ ಬೇರೆ, ಪೆನ್‌ಟೆಸ್ಟ್ ಬೇರೆ. ವಲ್ನರಬಿಲಿಟಿ (ಒಳಗೆ ನುಗ್ಗಲು ದಾರಿ ಕೊಡುವ ದೋಷ) ಸ್ಕ್ಯಾನ್ ಎಂದರೆ ಮನೆ ಸುತ್ತ ಒಂದು ಸುತ್ತು ಹಾಕಿ "ಈ ಕಿಟಕಿಯ ಚಿಲಕ ಸಡಿಲ, ಆ ಬೀಗಕ್ಕೆ ತುಕ್ಕು" ಎಂದು ಬರೆದುಕೊಳ್ಳುವುದು. ಪೆನೆಟ್ರೇಷನ್ ಟೆಸ್ಟ್ ಎಂದರೆ ಮಾಲೀಕರ ಒಪ್ಪಿಗೆ ಪಡೆದು ಆ ಚಿಲಕ ಎಳೆದು, ಒಳಗೆ ಇಳಿದು, ಬೀರುವಿನವರೆಗೆ ಹೋಗೋಕೆ ಆಗುತ್ತಾ ಎಂದು ನೋಡುವುದು. ಮೊದಲನೆಯದನ್ನು ಸಾಫ್ಟ್‌ವೇರ್ ಮಾಡುತ್ತದೆ. ಎರಡನೆಯದಕ್ಕೆ ಮನುಷ್ಯರ ತಲೆ ಬೇಕು. ಇನ್ನು ವಲ್ನರಬಿಲಿಟಿ ಮ್ಯಾನೇಜ್‌ಮೆಂಟ್ ಎನ್ನುವುದು, ಸಿಕ್ಕಿದ್ದನ್ನು ಸರಿಮಾಡಿ ಆಗಾಗ ಮತ್ತೆ ನೋಡುತ್ತಾ ಹೋಗುವ ಕೆಲಸ. ಬೋರ್ ಹೊಡೆಸುವ ಕೆಲಸ ನಿಜ. ಆದರೆ ನಿಮ್ಮನ್ನು ಕಾಯುವುದು ಇದೇ.

ಕೆಳಗಿನ ಹೆಜ್ಜೆಗಳು ಒಂದೇ ಕಟ್ಟಡದಲ್ಲಿ ಹತ್ತಾರು ಕಂಪ್ಯೂಟರ್ ಇಟ್ಟುಕೊಂಡು ನಡೆಸುವವರಿಗೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ದೊಡ್ಡ ಕಂಪನಿಗಳಿಗೆ ಇದಕ್ಕೇ ಬೇರೆ ಜನ ಇರುತ್ತಾರೆ.

ಹೆಜ್ಜೆ 1: ಏನಿದೆ ಅಂತ ಬರೆಯಿರಿ

ಒಂದು ಎಕ್ಸೆಲ್ ಶೀಟ್ ಸಾಕು. ಯಾವ ಸಾಧನ, ಎಲ್ಲಿದೆ, ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ನಂಬರ್) ಏನು, ಯಾವ ಸಾಫ್ಟ್‌ವೇರ್, ಯಾವ ವರ್ಷನ್, ಪಾಸ್‌ವರ್ಡ್ ಯಾರ ಹತ್ತಿರ ಇದೆ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು. ಕಂಪ್ಯೂಟರ್‌ಗಳನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಸಿಸಿಟಿವಿ ಡಿವಿಆರ್, ಬೆರಳಚ್ಚು ಹಾಜರಿ ಮಷೀನ್, ವೈಫೈ ಪ್ರಿಂಟರ್, ವೇ ಬ್ರಿಡ್ಜ್ (ಲಾರಿ ತೂಗುವ ಕಾಟಾ) ಕಂಪ್ಯೂಟರ್, ರಿಸೆಪ್ಷನ್‌ನಲ್ಲಿರುವ ಟಿವಿ, ಮೂಲೆಯಲ್ಲಿ ಧೂಳು ಹಿಡಿದು ಕೂತ ಹಳೇ ರೂಟರ್. ಇವುಗಳಲ್ಲೂ ಒಂದೊಂದು ಪುಟ್ಟ ಕಂಪ್ಯೂಟರ್ ಇದೆ. ಇವಕ್ಕೂ ಅಪ್‌ಡೇಟ್ ಬರುತ್ತದೆ, ಹಾಕುವವರು ಇರುವುದಿಲ್ಲ.

ಆಮೇಲೆ ಕಟ್ಟಡದ ಹೊರಗಿರುವುದನ್ನು ಬರೆಯಿರಿ. ವೆಬ್‌ಸೈಟ್, ಡೊಮೇನ್ (ವೆಬ್‌ಸೈಟ್‌ನ ಹೆಸರು), ಇಮೇಲ್, ಕ್ಲೌಡ್ ಬ್ಯಾಕಪ್. ಡೊಮೇನ್ ಯಾರ ಹೆಸರಲ್ಲಿದೆ ಎಂದು ಒಮ್ಮೆ ನೋಡಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಬೆಂಗಳೂರು ಸೇರಿ ಎಷ್ಟೋ ಕಾಲ ಆಗಿರುತ್ತದೆ, ಡೊಮೇನ್ ಇನ್ನೂ ಅವನ ಜಿಮೇಲ್‌ಗೇ ಅಂಟಿಕೊಂಡಿರುತ್ತದೆ.

ಕೊನೆಗೆ ರೂಟರ್‌ಗೆ ಲಾಗಿನ್ ಆಗಿ ಪೋರ್ಟ್ ಫಾರ್ವರ್ಡಿಂಗ್ ಪುಟ ತೆಗೆಯಿರಿ. ಪೋರ್ಟ್ ಎಂದರೆ ಕಂಪ್ಯೂಟರ್‌ಗೆ ಇರುವ, ನಂಬರ್ ಹಾಕಿದ ಬಾಗಿಲು. ಇಂಟರ್‌ನೆಟ್‌ನಿಂದ ನಿಮ್ಮ ಆಫೀಸಿನೊಳಕ್ಕೆ ನೇರ ದಾರಿ ಬಿಟ್ಟಿದ್ದರೆ ಅದು ಹೆಚ್ಚಾಗಿ ಇಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎರಡು ಸಿಗುತ್ತವೆ. ಮಾಲೀಕರು ಮೊಬೈಲ್‌ನಲ್ಲಿ ಕ್ಯಾಮೆರಾ ನೋಡಲಿ ಎಂದು ಸಿಸಿಟಿವಿಯವರು ತೆಗೆದದ್ದು ಒಂದು. ಆಡಿಟರ್ ಮನೆಯಿಂದಲೇ ಟ್ಯಾಲಿ ನೋಡಲಿ ಎಂದು ರಿಮೋಟ್ ಡೆಸ್ಕ್‌ಟಾಪ್‌ಗೆ ತೆಗೆದ 3389ನೇ ಪೋರ್ಟ್ ಇನ್ನೊಂದು. ಕೆಲವರು ಜಾಣತನ ಮಾಡಿ 3389 ಬದಲು 33890 ಇಟ್ಟಿರುತ್ತಾರೆ. ಹುಡುಕುವವರು ಎಲ್ಲ ಪೋರ್ಟ್‌ಗಳನ್ನೂ ಹುಡುಕುತ್ತಾರೆ, ಹಾಗಾಗಿ ಇದರಿಂದ ಏನೂ ಪ್ರಯೋಜನ ಇಲ್ಲ. ಈ ದಾರಿ ಮುಚ್ಚಿ, ವೈರ್‌ಗಾರ್ಡ್‌ನಂಥ ವಿಪಿಎನ್ (ಕೀಲಿ ಇದ್ದವರಿಗೆ ಮಾತ್ರ ತೆರೆಯುವ ಗುಪ್ತ ದಾರಿ) ಹಾಕಿಸಿ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ.

ಹೆಜ್ಜೆ 2: ಸ್ಕ್ಯಾನ್‌ಗೆ ಮುಂಚೆ ಒಂದು ಕಾಗದ

ನಿಮ್ಮದೇ ಆಫೀಸು, ನಿಮ್ಮದೇ ಕಂಪ್ಯೂಟರ್ ಆದರೂ ಮಾಲೀಕರ ಸಹಿ ಇರುವ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಯಾವ ಐಪಿಗಳು, ಯಾವ ದಿನ, ಯಾವ ಹೊತ್ತು, ಯಾರು ಮಾಡುವವರು ಎಂದು ಅದರಲ್ಲಿರಲಿ. ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್‌ಗೆ ಕೈ ಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಕಲಂಗಳ ಕೆಳಗೆ ಬರುತ್ತದೆ. 66ರಲ್ಲಿ ಮೂರು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. "ಸುಮ್ನೆ ಟೆಸ್ಟ್ ಮಾಡಿದೆ ಸಾರ್" ಎನ್ನುವುದು ಸಮಜಾಯಿಷಿ ಆಗುವುದಿಲ್ಲ. ಸೈಬರ್ ಸೆಕ್ಯುರಿಟಿ ಓದುತ್ತಿರುವ ಹುಡುಗ ಹುಡುಗಿಯರು ಇದನ್ನು ಎರಡು ಸಲ ಓದಿ. ಕಾಲೇಜಿನ ರಿಸಲ್ಟ್ ಪೋರ್ಟಲ್ ಮೇಲೆ ಕೈ ಪಳಗಿಸಿಕೊಳ್ಳೋದು ಬೇಡ.

ವೆಬ್‌ಸೈಟ್ ಶೇರ್ಡ್ ಹೋಸ್ಟಿಂಗ್‌ನಲ್ಲಿದ್ದರೆ ಆ ಸರ್ವರ್‌ನಲ್ಲಿ ಬೇರೆಯವರ ಸೈಟ್‌ಗಳೂ ಇರುತ್ತವೆ. ಹೋಸ್ಟಿಂಗ್ ಕಂಪನಿಯ ನಿಯಮ ನೋಡಿ, ಬರಹದಲ್ಲಿ ಕೇಳಿ, ಆಮೇಲೆ ಮುಂದುವರಿಯಿರಿ.

ಹೆಜ್ಜೆ 3: ನೀವೇ ಸ್ಕ್ಯಾನ್ ಮಾಡಿ

ಎನ್‌ಮ್ಯಾಪ್ 1997ರಿಂದ ಇರುವ ಉಚಿತ ಟೂಲ್. ಕಮ್ಯಾಂಡ್ ಟೈಪ್ ಮಾಡಲು ಬೇಜಾರು ಎನ್ನುವವರಿಗೆ ಅದರ ಜೊತೆ ಜೆನ್‌ಮ್ಯಾಪ್ ಎಂಬ ಕಿಟಕಿ ರೂಪ ಬರುತ್ತದೆ. ಟಾರ್ಗೆಟ್ ಎಂಬಲ್ಲಿ ನಿಮ್ಮ ನೆಟ್‌ವರ್ಕ್ ಹಾಕಿ. ಹೆಚ್ಚಿನ ಆಫೀಸುಗಳಲ್ಲಿ ಅದು 192.168.1.0/24 ಅಥವಾ 192.168.0.0/24 ಇರುತ್ತದೆ. ಪ್ರೊಫೈಲ್‌ನಲ್ಲಿ "ಕ್ವಿಕ್ ಸ್ಕ್ಯಾನ್ ಪ್ಲಸ್" ಆರಿಸಿ ಸ್ಕ್ಯಾನ್ ಒತ್ತಿ. ಯಾವ ಐಪಿಯಲ್ಲಿ ಯಾವ ಪೋರ್ಟ್ ತೆರೆದಿದೆ, ಅಲ್ಲಿ ಏನು ಓಡುತ್ತಿದೆ ಎಂದು ಪಟ್ಟಿ ಬರುತ್ತದೆ. ಅದನ್ನು ನಿಮ್ಮ ಎಕ್ಸೆಲ್ ಪಕ್ಕ ಇಟ್ಟು ನೋಡಿ. ಶೀಟ್‌ನಲ್ಲಿ ಇಲ್ಲದ್ದು ಇಲ್ಲಿ ಒಂದೆರಡು ಇದ್ದೇ ಇರುತ್ತದೆ.

ಇಲ್ಲಿಗೇ ನಿಲ್ಲಿಸಬೇಡಿ. ಕ್ವಿಕ್ ಸ್ಕ್ಯಾನ್ ನೋಡುವುದು ಹೆಚ್ಚು ಬಳಕೆಯ 100 ಪೋರ್ಟ್‌ಗಳನ್ನು ಮಾತ್ರ. ಇರುವುದು 65,535. ಟ್ಯಾಲಿ ಮಾಮೂಲಿಯಾಗಿ ಬಳಸುವ 9000 ಆ ನೂರರಲ್ಲಿ ಇಲ್ಲ. ಹಲವು ಬೆರಳಚ್ಚು ಹಾಜರಿ ಮಷೀನ್‌ಗಳು ಬಳಸುವ 4370 ಕೂಡ ಇಲ್ಲ. ಅಂದರೆ ನಮ್ಮ ಕಡೆಯ ಆಫೀಸುಗಳಲ್ಲಿ ಜಾಸ್ತಿ ಇರುವ ಎರಡು ವಸ್ತುಗಳೇ ಬೇಗನೆ ಮಾಡುವ ಸ್ಕ್ಯಾನ್‌ಗೆ ಕಾಣುವುದಿಲ್ಲ. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ "ಇಂಟೆನ್ಸ್ ಸ್ಕ್ಯಾನ್, ಆಲ್ ಟಿಸಿಪಿ ಪೋರ್ಟ್ಸ್" ಹಾಕಿ ಬಿಟ್ಟುಬಿಡಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಒಂದು ಎಚ್ಚರಿಕೆ. ಹಳೇ ಪ್ರಿಂಟರ್, ಹಾಜರಿ ಮಷೀನ್‌ಗಳು ಜೋರು ಸ್ಕ್ಯಾನ್‌ಗೆ ಹ್ಯಾಂಗ್ ಆಗಬಹುದು. ಎನ್‌ಮ್ಯಾಪ್ ಮಾಡಿದವರಿಗೂ ಇದು ಗೊತ್ತಿದೆ. ಪ್ರಿಂಟರ್‌ಗಳ 9100ನೇ ಪೋರ್ಟ್‌ಗೆ ಏನಾದರೂ ಕಳಿಸಿದರೆ ಕೆಲವು ಪ್ರಿಂಟರ್‌ಗಳು ಅದನ್ನೇ ಹಾಳೆ ಹಾಳೆ ಮುದ್ರಿಸುತ್ತವೆ ಎಂದು, ವರ್ಷನ್ ಹುಡುಕುವಾಗ ಆ ಪೋರ್ಟ್ ಅನ್ನು ಅದು ತಾನಾಗಿಯೇ ಬಿಟ್ಟುಬಿಡುತ್ತದೆ. ಮಿಲ್, ಫ್ಯಾಕ್ಟರಿಗಳಲ್ಲಿ ಯಂತ್ರ ನಡೆಸುವ ಪಿಎಲ್‌ಸಿಗಳನ್ನು ಮಾತ್ರ ಓಡುತ್ತಿರುವಾಗ ಮುಟ್ಟಲೇಬೇಡಿ. ಅಲ್ಲಿ ಹ್ಯಾಂಗ್ ಆದರೆ ಹಾಳೆ ಹೋಗಲ್ಲ, ಇಡೀ ಪಾಳಿ ಹೋಗುತ್ತದೆ.

ಹೊರಗಿನಿಂದ ಹೇಗೆ ಕಾಣುತ್ತೀರಿ ಎಂದು ತಿಳಿಯಲು ಹೊರಗಿನಿಂದಲೇ ನೋಡಬೇಕು. ಲ್ಯಾಪ್‌ಟಾಪ್ ಅನ್ನು ಆಫೀಸ್ ವೈಫೈನಿಂದ ಬಿಡಿಸಿ, ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ, ನಿಮ್ಮ ಸ್ಟ್ಯಾಟಿಕ್ ಐಪಿಯನ್ನು (ಇಂಟರ್‌ನೆಟ್ ಕಂಪನಿ ಕೊಟ್ಟ, ಬದಲಾಗದ ವಿಳಾಸ) ಸ್ಕ್ಯಾನ್ ಮಾಡಿ.

ಎನ್‌ಮ್ಯಾಪ್ ಏನಿದೆ ಅಂತ ಹೇಳುತ್ತದೆ. ಅದರಲ್ಲಿ ಯಾವುದು ಹುಳುಕು ಅಂತ ಹೇಳಲು ಗ್ರೀನ್‌ಬೋನ್‌ನ ಓಪನ್‌ವಾಸ್ ಅಥವಾ ನೆಸಸ್ ಎಸೆನ್ಷಿಯಲ್ಸ್ ಹಾಕಿ. ಎರಡಕ್ಕೂ ಉಚಿತ ಆವೃತ್ತಿ ಇದೆ. ವಿಂಡೋಸ್ ಲಾಗಿನ್ ಕೊಟ್ಟು ಸ್ಕ್ಯಾನ್ ಮಾಡಿಸಿದರೆ ಒಳಗೆ ಹಾಕಿರುವ ಪ್ರತಿ ಸಾಫ್ಟ್‌ವೇರ್‌ನ ವರ್ಷನ್ ಕೂಡ ನೋಡುತ್ತದೆ. ಲಾಗಿನ್ ಕೊಡದೆ ಮಾಡಿದರೆ ಹೊರಗಿಂದ ಊಹೆ ಮಾಡುತ್ತದೆ ಅಷ್ಟೆ.

ಹೆಜ್ಜೆ 4: ನೂರು ಕೆಂಪು ಸಾಲುಗಳಲ್ಲಿ ಯಾವುದು ಮೊದಲು?

ಮೊದಲ ಸಲ ಸ್ಕ್ಯಾನ್ ಮಾಡಿದವರು ರಿಪೋರ್ಟ್ ನೋಡಿ ಹೆದರಿ ಮುಚ್ಚಿಡುತ್ತಾರೆ. ಪುಟಗಟ್ಟಲೆ ಇರುತ್ತದೆ. ಹೆಚ್ಚಿನ ಸಾಲುಗಳಿಗೆ ಒಂದು ಸಿವಿಇ ನಂಬರ್ ಇರುತ್ತದೆ. ಜಗತ್ತಿನಲ್ಲಿ ಬಯಲಾಗುವ ದೋಷಗಳಿಗೆ 1999ರಿಂದ ಕೊಡುತ್ತಾ ಬಂದಿರುವ ನಂಬರ್ ಅದು. ಪಕ್ಕದಲ್ಲಿ ದೋಷ ಎಷ್ಟು ಗಂಭೀರ ಎಂದು ಹೇಳುವ ಸಿವಿಎಸ್‌ಎಸ್ ಅಂಕ, ಸೊನ್ನೆಯಿಂದ ಹತ್ತು. 9 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕ್ರಿಟಿಕಲ್.

ಅಂಕ ನೋಡಿಯೇ ಓಡಬೇಡಿ. ಮೂರು ಪ್ರಶ್ನೆ ಕೇಳಿ. ಇದು ಇಂಟರ್‌ನೆಟ್‌ಗೆ ಕಾಣುತ್ತದೆಯೇ? ಇದನ್ನು ಬಳಸಿ ಈಗಾಗಲೇ ಎಲ್ಲಾದರೂ ದಾಳಿ ಆಗಿದೆಯೇ? ಇದು ಹೋದರೆ ನಮ್ಮ ಕೆಲಸ ನಿಲ್ಲುತ್ತದೆಯೇ? ಎರಡನೇ ಪ್ರಶ್ನೆಗೆ ಉತ್ತರ ಉಚಿತವಾಗಿ ಸಿಗುತ್ತದೆ. ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರ ನವೆಂಬರ್‌ನಿಂದ, ನಿಜವಾಗಿ ದಾಳಿಗೆ ಬಳಕೆಯಾದ ದೋಷಗಳ ಪಟ್ಟಿ ಇಟ್ಟಿದೆ. ಅದಕ್ಕೆ ಕೆಇವಿ ಎನ್ನುತ್ತಾರೆ. ನಿಮ್ಮ ಸಿವಿಇ ನಂಬರ್ ಅಲ್ಲಿ ಹಾಕಿ ಹುಡುಕಿ. ಹಿಕ್‌ವಿಷನ್ ಕ್ಯಾಮೆರಾಗಳ ಸಿವಿಇ-2021-36260 ತೆಗೆದುಕೊಳ್ಳಿ. ಅಂಕ 9.8, ಪಾಸ್‌ವರ್ಡ್ ಇಲ್ಲದೆಯೇ ಕ್ಯಾಮೆರಾದೊಳಗೆ ಕಮ್ಯಾಂಡ್ ಓಡಿಸಬಹುದು, ಕೆಇವಿ ಪಟ್ಟಿಯಲ್ಲೂ ಇದೆ. ಫರ್ಮ್‌ವೇರ್ ಅಪ್‌ಡೇಟ್ 2021ರಲ್ಲೇ ಬಂದಿದೆ. ಗೋಡೆ ಮೇಲಿನ ಕ್ಯಾಮೆರಾಗೆ ಅದನ್ನು ಹಾಕಿದವರು ಎಷ್ಟು ಜನ?

ಹಾಗೆ ವಿಂಗಡಿಸಿದರೆ ಪುಟಗಟ್ಟಲೆ ಇದ್ದದ್ದು ಸಾಮಾನ್ಯವಾಗಿ ಒಂದೇ ಹಾಳೆಗೆ ಇಳಿಯುತ್ತದೆ. ಇಂಟರ್‌ನೆಟ್‌ಗೆ ಕಾಣುತ್ತದೆ, ಕೆಇವಿಯಲ್ಲೂ ಇದೆ ಅಂದರೆ ಎರಡು ದಿನದೊಳಗೆ. ಎರಡರಲ್ಲಿ ಒಂದು ಇದ್ದರೆ ಎರಡು ವಾರ. ಉಳಿದ ಕ್ರಿಟಿಕಲ್‌ಗಳಿಗೆ ಒಂದು ತಿಂಗಳು. ಇವು ನಾನು ಹೇಳುವ ಗಡುವುಗಳು, ನಿಮ್ಮ ಕೈಲಾಗುವಷ್ಟಕ್ಕೆ ಹೊಂದಿಸಿಕೊಳ್ಳಿ. ಆದರೆ ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು, ಒಂದು ತಾರೀಖು ಇರಲೇಬೇಕು. "ಐಟಿಯವರು ನೋಡ್ಕೋತಾರೆ" ಎಂದು ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ.

ಹೆಜ್ಜೆ 5: ಸರಿಮಾಡುವುದು

ವಾನಾಕ್ರೈ ರಾನ್ಸಮ್‌ವೇರ್ ಜಗತ್ತಿನ ಮೇಲೆ ಎರಗಿದ್ದು 2017ರ ಮೇ 12ರಂದು. ಅದು ಬಳಸಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕೊಟ್ಟದ್ದು ಅದೇ ವರ್ಷ ಮಾರ್ಚ್ 14ರಂದು. ಹತ್ತಿರ ಹತ್ತಿರ ಎರಡು ತಿಂಗಳು ಸಮಯ ಇತ್ತು. ಹಾಕಿಕೊಂಡವರು ಉಳಿದರು.

ಅಪ್‌ಡೇಟ್ ಹಾಕುವ ಮೊದಲು ಬ್ಯಾಕಪ್ ತೆಗೆಯಿರಿ. ತೆಗೆದ ಬ್ಯಾಕಪ್‌ನಿಂದ ಒಂದು ಟ್ಯಾಲಿ ಕಂಪನಿಯನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಬ್ಯಾಕಪ್ ಅಲ್ಲ. ಆಮೇಲೆ ಒಂದು ಕಂಪ್ಯೂಟರ್‌ಗೆ ಮೊದಲು ಹಾಕಿ, ಒಂದು ದಿನ ಬಿಟ್ಟು ಉಳಿದವಕ್ಕೆ ಹಾಕಿ.

ಕಷ್ಟ ಬರುವುದು ಅಪ್‌ಡೇಟ್ ಹಾಕಲು ಆಗದ ಕಡೆ. ರೈಸ್ ಮಿಲ್‌ನ ವೇ ಬ್ರಿಡ್ಜ್ ರೂಮ್‌ಗೆ ಹೋಗಿ ನೋಡಿ. ಭತ್ತದ ಲಾರಿ ಹತ್ತಿ ನಿಂತಿರುತ್ತದೆ, ಕಿಟಕಿ ಪಕ್ಕ ಒಂದು ಹಳೇ ಕಂಪ್ಯೂಟರ್, ಕೀಬೋರ್ಡ್ ಮೇಲೆ ಹೊಟ್ಟಿನ ಧೂಳು, ಪರದೆ ಮೇಲೆ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿದರೆ "ವಿಂಡೋಸ್ ಚೇಂಜ್ ಮಾಡಿದ್ರೆ ನಮ್ಮ ಪ್ರೋಗ್ರಾಮ್ ಓಡಲ್ಲ ಸಾರ್, ಹೊಸಾದು ತಗೋಬೇಕು" ಅನ್ನುತ್ತಾರೆ. ಮಾಲೀಕರು "ಈಗ ಕೆಲ್ಸ ಮಾಡ್ತಾ ಇದೆಯಲ್ಲಪ್ಪ, ಬಿಡು" ಅನ್ನುತ್ತಾರೆ. ಇಬ್ಬರದ್ದೂ ತಪ್ಪಲ್ಲ.

ಆದರೆ ಆ ಕಂಪ್ಯೂಟರ್ ಏನು ಮಾಡುತ್ತಿದೆ ನೋಡಿ. ತೂಕದ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್‌ನಲ್ಲಿ ತೂಕ ಬರುತ್ತದೆ, ಪಕ್ಕದ ಪ್ರಿಂಟರ್‌ನಲ್ಲಿ ಚೀಟಿ ಹೋಗುತ್ತದೆ. ಇದಕ್ಕೆ ಇಂಟರ್‌ನೆಟ್ ಯಾಕೆ? ರಾತ್ರಿ ಪಾಳಿಯವರು ಯೂಟ್ಯೂಬ್ ನೋಡೋಕೆ, ಬೇರೇನೂ ಇಲ್ಲ. ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ತೂಕದ ಲೆಕ್ಕ ಆಫೀಸಿಗೆ ಹೋಗಲೇಬೇಕು ಅಂದರೆ ಸ್ವಿಚ್‌ನಲ್ಲಿ ಅದಕ್ಕೆ ಬೇರೆ ವಿಲ್ಯಾನ್ (ಒಂದೇ ನೆಟ್‌ವರ್ಕ್‌ನಲ್ಲಿ ಬೇಲಿ ಹಾಕಿದ ಭಾಗ) ಮಾಡಿಸಿ, ಬಿಲ್ಲಿಂಗ್ ಕಂಪ್ಯೂಟರ್ ಒಂದರ ಜೊತೆ ಮಾತ್ರ ಮಾತಾಡಲು ಬಿಡಿ. ಯುಎಸ್‌ಬಿ ಪೋರ್ಟ್‌ಗಳನ್ನು ಮುಚ್ಚಿ. ದೋಷ ಹೋಗಲಿಲ್ಲ, ಆದರೆ ಅಲ್ಲಿಗೆ ತಲುಪುವ ದಾರಿ ಹೋಯಿತು. ಸಿಸಿಟಿವಿ, ಹಾಜರಿ ಮಷೀನ್, ಅತಿಥಿಗಳ ವೈಫೈ ಇವನ್ನೂ ಹೀಗೇ ಬೇರೆ ಮಾಡಿಡಿ.

ವಿಂಡೋಸ್ 10ಕ್ಕೂ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಶೀಟ್‌ನಲ್ಲಿ ಆ ಕಾಲಂ ಕಡೆ ಒಮ್ಮೆ ಕಣ್ಣಾಡಿಸಿ.

ಹೆಜ್ಜೆ 6: ಈಗ ಪೆನ್‌ಟೆಸ್ಟ್

ಇಷ್ಟೆಲ್ಲ ಮಾಡಿದ ಮೇಲೆ ಯಾಕೆ ಬೇಕು? ಸ್ಕ್ಯಾನರ್‌ಗೆ ಅರ್ಥವೇ ಆಗದ ತಪ್ಪುಗಳು ಇರುವುದರಿಂದ. ಒಂದು ಲಾಡ್ಜ್‌ನ ಬುಕಿಂಗ್ ವೆಬ್‌ಸೈಟ್ ಊಹಿಸಿಕೊಳ್ಳಿ. ದಸರಾಗೆ ರೂಮ್ ಬುಕ್ ಮಾಡಿದವರು ಲಾಗಿನ್ ಆಗಿ ತಮ್ಮ ರಸೀದಿ ನೋಡುತ್ತಾರೆ. ವಿಳಾಸದ ಕೊನೆಯಲ್ಲಿ 1042 ಎಂದಿದೆ. ಅದನ್ನು 1043 ಎಂದು ತಿದ್ದಿ ಎಂಟರ್ ಒತ್ತಿದರೆ ಬೇರೆಯವರ ರಸೀದಿ, ಫೋನ್ ನಂಬರ್, ಜೊತೆಗೆ ಅಪ್‌ಲೋಡ್ ಮಾಡಿದ ಆಧಾರ್ ಪ್ರತಿ ತೆರೆದುಕೊಳ್ಳುತ್ತದೆ. ಸರ್ವರ್ ಅಪ್‌ಡೇಟ್ ಆಗಿದೆ, ಬ್ರೌಸರ್‌ನಲ್ಲಿ ಬೀಗದ ಚಿಹ್ನೆ ಇದೆ, ಸ್ಕ್ಯಾನರ್ ಹಸಿರು ತೋರಿಸುತ್ತದೆ. ಆದರೆ "ಇದನ್ನು ನೋಡಲು ಇವರಿಗೆ ಹಕ್ಕಿದೆಯೇ" ಎಂದು ಕೇಳುವ ಒಂದು ಸಾಲು ಕೋಡ್‌ನಲ್ಲಿ ಇಲ್ಲ. ವೆಬ್ ದೋಷಗಳ ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆಯ 2021ರ ಟಾಪ್ ಟೆನ್‌ನಲ್ಲಿ ಮೊದಲ ಸ್ಥಾನ ಈ ಬಗೆಯ ತಪ್ಪಿಗೇ. ಅಂದಹಾಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿ ಕಾಯಲು ಸರಿಯಾದ ಕ್ರಮ ತೆಗೆದುಕೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ.

ಯಾರಿಂದ ಮಾಡಿಸಬೇಕು? ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ತಾನು ಒಪ್ಪಿದ ಆಡಿಟ್ ಕಂಪನಿಗಳ ಪಟ್ಟಿಯನ್ನು ತನ್ನ ವೆಬ್‌ಸೈಟ್‌ನಲ್ಲಿ ಹಾಕಿದೆ. ಬ್ಯಾಂಕ್, ಸರ್ಕಾರಿ ಕೆಲಸ ಆದರೆ ಅಲ್ಲಿಂದಲೇ ಆರಿಸಿ. ಖಾಸಗಿಯಾಗಿ ಮಾಡಿಸುವುದಾದರೂ ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ಕಂಪನಿ ಹೆಸರಿಗಿಂತ, ಕೀಬೋರ್ಡ್ ಮುಂದೆ ಕೂರುವವರು ಯಾರು ಎಂದು ಕೇಳಿ. ಪೆನ್‌ಟೆಸ್ಟ್ ಮಾಡುವವರ ಸರ್ಟಿಫಿಕೇಟ್ ಆದ ಓಎಸ್‌ಸಿಪಿ ಪಾಸಾದವರಾದರೆ ಸುಮಾರು 24 ಗಂಟೆಯ ಕೈಕೆಲಸದ ಪರೀಕ್ಷೆ ದಾಟಿ ಬಂದವರು ಎಂದರ್ಥ. ಬರೀ ಬಾಯಿಪಾಠ ಅಲ್ಲ.

ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ. ಸ್ಕ್ಯಾನರ್ ಓಡಿಸಿ, ಅದರ ಪಿಡಿಎಫ್‌ಗೆ ತಮ್ಮ ಲೋಗೋ ಅಂಟಿಸಿ ಪೆನ್‌ಟೆಸ್ಟ್ ಎಂದು ಮಾರುವವರು ಜಾಸ್ತಿ ಇದ್ದಾರೆ. ಮೊದಲೇ ಹಳೆಯ ರಿಪೋರ್ಟ್ ಒಂದರ ಮಾದರಿ ಕೇಳಿ, ಗಿರಾಕಿಯ ಹೆಸರು ಅಳಿಸಿಯೇ ಕೊಡಲಿ. "ಇಲ್ಲಿಂದ ಶುರು ಮಾಡಿದೆವು, ಇದು ಸಿಕ್ಕಿತು, ಅದನ್ನು ಹಿಡಿದು ಇಲ್ಲಿಗೆ ಬಂದೆವು" ಎಂದು ಸ್ಕ್ರೀನ್‌ಶಾಟ್ ಸಮೇತ ಕಥೆ ಇದ್ದರೆ ಅದು ಕೆಲಸ. ಬರೀ ಸಿವಿಇ ನಂಬರ್‌ಗಳ ಟೇಬಲ್ ಇದ್ದರೆ ಅದನ್ನು ನೀವು ಮೂರನೇ ಹೆಜ್ಜೆಯಲ್ಲೇ ಮಾಡಿಯಾಗಿದೆ, ಅಲ್ವಾ?

ಒಪ್ಪಂದದಲ್ಲಿ ಏನಿರಬೇಕು: ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು. ಸರ್ವರ್ ಬೀಳಿಸುವಂಥ ಪರೀಕ್ಷೆ ಬೇಡ ಎಂದು. ಯಾವ ಹೊತ್ತಿನಲ್ಲಿ. ಏನಾದರೂ ನಿಂತರೆ ಎರಡೂ ಕಡೆ ಯಾರ ಮೊಬೈಲ್‌ಗೆ ಫೋನ್. ಸಿಕ್ಕ ಗ್ರಾಹಕರ ಮಾಹಿತಿಯನ್ನು ಅವರು ಏನು ಮಾಡುತ್ತಾರೆ, ಯಾವಾಗ ಅಳಿಸುತ್ತಾರೆ. ಮತ್ತು ಇದನ್ನು ಬಿಡಬೇಡಿ: ನಾವು ಸರಿಮಾಡಿದ ಮೇಲೆ ಒಂದು ಸಲ ಮರುಪರೀಕ್ಷೆ, ಅದೇ ದುಡ್ಡಿನಲ್ಲಿ. ಲಾಡ್ಜ್‌ನವರು ದಸರಾ ಹತ್ತಿರದಲ್ಲಿ ಇಟ್ಟುಕೊಳ್ಳಬೇಡಿ. ಕಬ್ಬು ಅರೆಯುವ ಸೀಸನ್‌ನಲ್ಲಿ ಸಕ್ಕರೆ ಕಾರ್ಖಾನೆಯವರೂ ಬೇಡ.

ಸಾಫ್ಟ್‌ವೇರ್ ನಿಮ್ಮದಲ್ಲ, ಹೊರಗಿನ ಕಂಪನಿಯದು ಎಂದಾದರೆ? ಸಹಕಾರ ಸಂಘಗಳ ಸ್ಥಿತಿ ಬಹುಪಾಲು ಹೀಗೇ. 2024ರ ಜುಲೈ 31ರಂದು, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕ್‌ಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್‌ಗೆ ರಾನ್ಸಮ್‌ವೇರ್ ತಗುಲಿದ್ದರಿಂದ, ಯುಪಿಐ ನಡೆಸುವ ಎನ್‌ಪಿಸಿಐ ಅದರ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿಯಿತು. ಆ ಬ್ಯಾಂಕ್‌ಗಳ ಗ್ರಾಹಕರ ಯುಪಿಐ ಪಾವತಿಗಳು ನಿಂತವು. ಬ್ಯಾಂಕ್‌ನವರು ತಮ್ಮ ಆಫೀಸಿನಲ್ಲಿ ಎಲ್ಲ ಸರಿ ಇಟ್ಟಿದ್ದರೂ ಏನೂ ಮಾಡುವ ಹಾಗಿರಲಿಲ್ಲ. ಆದ್ದರಿಂದ ವರ್ಷದ ಒಪ್ಪಂದ ನವೀಕರಿಸುವಾಗ ವೆಂಡರ್‌ನಿಂದ ಈಚಿನ ಪೆನ್‌ಟೆಸ್ಟ್‌ನ ಸಾರಾಂಶ, ಸಿಕ್ಕ ದೋಷಗಳನ್ನು ಮುಚ್ಚಿದ ಪುರಾವೆ ಕೇಳಿ. ಕೊಡಲ್ಲ ಅಂದರೆ ಅದೂ ಒಂದು ಉತ್ತರವೇ.

ಹೆಜ್ಜೆ 7: ಕ್ಯಾಲೆಂಡರ್‌ಗೆ ಹಾಕಿ

ಮೈಕ್ರೋಸಾಫ್ಟ್ ತಿಂಗಳ ಅಪ್‌ಡೇಟ್ ಕೊಡುವುದು ಎರಡನೇ ಮಂಗಳವಾರ. ನಮಗೆ ಅದು ಮಂಗಳವಾರ ರಾತ್ರಿ ಹತ್ತೂವರೆ ಮೇಲೆ ಬರುತ್ತದೆ. ಹಾಗಾಗಿ ಮಾರನೇ ದಿನ ಬುಧವಾರ ಒಂದು ಕಂಪ್ಯೂಟರ್‌ಗೆ, ಶುಕ್ರವಾರ ಸಂಜೆ ಉಳಿದವಕ್ಕೆ. ಮೂರು ತಿಂಗಳಿಗೊಮ್ಮೆ ಒಳಗಿನ, ಹೊರಗಿನ ಸ್ಕ್ಯಾನ್. ವರ್ಷಕ್ಕೊಮ್ಮೆ, ಇಲ್ಲವೇ ವೆಬ್‌ಸೈಟ್ ಪೂರ್ತಿ ಬದಲಾಯಿಸಿದಾಗ ಪೆನ್‌ಟೆಸ್ಟ್. ಕೆಲಸ ಬಿಟ್ಟುಹೋದವರ ಲಾಗಿನ್ ಅವತ್ತೇ ಮುಚ್ಚಬೇಕು, ಅದಕ್ಕೆ ತಿಂಗಳ ಲೆಕ್ಕ ಇಲ್ಲ.

ಸ್ಕ್ಯಾನ್ ಮಾಡುವಾಗ ಯಾರೋ ಆಗಲೇ ಒಳಗೆ ಬಂದು ಹೋದ ಗುರುತು ಸಿಕ್ಕರೆ, ಅಂದರೆ ಗೊತ್ತಿಲ್ಲದ ಅಡ್ಮಿನ್ ಖಾತೆ, ಮಧ್ಯರಾತ್ರಿಯ ಲಾಗಿನ್‌ಗಳು, ಆಂಟಿವೈರಸ್ ತಾನಾಗಿ ಆಫ್ ಆಗಿರುವುದು, ಆಗ ಮೊದಲು ನೆಟ್‌ವರ್ಕ್ ಕೇಬಲ್ ತೆಗೆಯಿರಿ. ಫಾರ್ಮ್ಯಾಟ್ ಮಾಡಬೇಡಿ, ಸ್ವಿಚ್ ಆಫ್ ಕೂಡ ಮಾಡಬೇಡಿ. ಸಾಕ್ಷ್ಯ ಮೆಮೊರಿಯಲ್ಲಿ ಇರಬಹುದು. ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಲಾಗ್‌ಗಳನ್ನು (ಯಾರು ಯಾವಾಗ ಏನು ಮಾಡಿದರು ಎಂದು ಸಾಧನ ಬರೆದಿಡುವ ದಾಖಲೆ) 180 ದಿನ ಇಟ್ಟಿರಬೇಕು. ಹೆಚ್ಚಿನ ಸಣ್ಣ ರೂಟರ್‌ಗಳು ಒಂದು ಸಲ ರೀಸ್ಟಾರ್ಟ್ ಆದರೆ ಲಾಗ್ ಮರೆತುಬಿಡುತ್ತವೆ. ಅದಕ್ಕೆ ಅವು ಲಾಗ್ ಅನ್ನು ಒಂದು ಕಂಪ್ಯೂಟರ್‌ಗೆ ಕಳಿಸುವ ಹಾಗೆ ಸಿಸ್‌ಲಾಗ್ ಸೆಟ್ಟಿಂಗ್ ಈಗಲೇ ಹಾಕಿಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಗೆ ಹೋಗಿ. ಹೋಗುವಾಗ ಒಂದನೇ ಹೆಜ್ಜೆಯ ಆ ಶೀಟ್‌ನ ಪ್ರಿಂಟ್ ಕೈಯಲ್ಲಿರಲಿ. ಅವರು ಮೊದಲು ಕೇಳುವುದು ಯಾವ ಕಂಪ್ಯೂಟರ್, ಯಾವ ಐಪಿ ಎಂದೇ.